ನಡುಬಾಗಿಲಿನ ಅತ್ತಿಗೆ

ಆ ಬೀದಿಯಲ್ಲಿ ಅವಳನ್ನು ಅತ್ತಿಗೆ ಎನ್ನದವರು ಇರಲಿಲ್ಲ. ಮೈದುನ ಹಾಗೆ ಕರೆಯುತ್ತಿದ್ದ, ಅದು ಸರಿಯೇ. ಆದರೆ ಎದುರಿನ ಗಡಿಯಾರ ರಿಪೇರಿಯವನು, ಹಾಲು ತಂದುಕೊಡುವವಳು, ಅವಳಪ್ಪನ ವಯಸ್ಸಿನ ಔಷಧಿ ಅಂಗಡಿಯವನು, ಎಲ್ಲರ ಬಾಯಲ್ಲೂ ಅವಳು ಅತ್ತಿಗೆಯೇ. ಒಮ್ಮೆ ಬ್ಯಾಂಕಿನ ಗುಮಾಸ್ತ ಅವಳ ಹೆಸರು ಹಿಡಿದು ಮತ್ತೆ ಮತ್ತೆ ಕೂಗಿದಾಗ, ಪಾಪ, ಯಾರೋ ಹೆಂಗಸು ಬಂದೇ ಇಲ್ಲವಲ್ಲ ಎಂದು ಅವಳೂ ಎಲ್ಲರಂತೆ ಕತ್ತು ತಿರುಗಿಸಿ ಸುತ್ತ ನೋಡಿದ್ದಳು.

ಕೆಳಗೆ ದರ್ಜಿ ಅಂಗಡಿ, ಮೇಲೆ ಮನೆ. ಅಂಗಡಿಯ ಮುಂಭಾಗದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಅದರ ಹಿಂದೆ ಕೊರಳಿಗೆ ಟೇಪು ಹಾಕಿಕೊಂಡು ನಿಂತಿರುತ್ತಿದ್ದವನು ಅವಳ ಗಂಡ, ದೊಡ್ಡ ಮಾಸ್ಟರ್. ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಬಾಗಿ ಕೂತಿರುತ್ತಿದ್ದವನು ಮೈದುನ, ಚಿಕ್ಕ ಮಾಸ್ಟರ್. ಮೀಸೆ ನರೆಯತೊಡಗಿದ್ದರೂ ಮನೆಯೊಳಗೆ ಅವನಿನ್ನೂ ಪುಟ್ಟ. ಎರಡು ಕೋಣೆಗಳ ನಡುವೆ ಒಂದು ಬಾಗಿಲು. ಆ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಅತ್ತಿಗೆ ಗುಂಡಿ ಹಚ್ಚುತ್ತಿದ್ದಳು, ಕಾಜ ಹೊಲಿಯುತ್ತಿದ್ದಳು. ಬೀದಿಯವರಿಗೆ ಕಾಣುತ್ತಿದ್ದ ಕೆಲಸ ಅದು. ಅವಳ ನಿಜವಾದ ಕೆಲಸ ಬೇರೆ.

ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅಪ್ಪ ತೀರಿಕೊಂಡ ಹೊಸತರಲ್ಲಿ ಒಬ್ಬ ದೊಡ್ಡ ಮನುಷ್ಯನಿಗೆ ಹೊಲಿದುಕೊಟ್ಟ ಕೋಟಿನ ಒಂದು ಹೆಗಲು ಮೇಲೆ, ಒಂದು ಕೆಳಗೆ ಆಯಿತು. ಹೊಲಿದದ್ದು ಸೊಟ್ಟ ಎಂದ ಅಣ್ಣ. ಕತ್ತರಿಸಿದ್ದೇ ಸೊಟ್ಟ ಎಂದ ತಮ್ಮ. ಮಾತಿಗೆ ಮಾತು ಬೆಳೆದು, ಇನ್ನು ನಿನ್ನ ಹತ್ತಿರ ಮಾತಾಡಿದರೆ ಕೇಳು ಎಂದು ಇಬ್ಬರೂ ಒಟ್ಟಿಗೇ ಆಣೆ ಹಾಕಿಬಿಟ್ಟರು. ಅವರಿಬ್ಬರೂ ಒಮ್ಮತದಿಂದ ಮಾಡಿದ ಕಡೆಯ ಕೆಲಸ ಅದು. ಆಮೇಲೆ ಆ ದೊಡ್ಡ ಮನುಷ್ಯ ಇನ್ನೊಂದು ಅಂಗಡಿಯಲ್ಲಿ ಹೊಲಿಸಿದ ಕೋಟೂ ಹಾಗೇ ಆಗಿ, ತಪ್ಪು ತನ್ನ ಹೆಗಲಿನದೇ ಎಂದು ಬಂದು ಹೇಳಿಹೋದ. ಆದರೆ ಅಷ್ಟು ಹೊತ್ತಿಗೆ ಜಗಳಕ್ಕೆ ಕಾರಣದ ಆಸರೆ ಬೇಕಾಗಿರಲಿಲ್ಲ. ಅದು ತನ್ನ ಕಾಲ ಮೇಲೆ ತಾನು ನಿಂತಿತ್ತು.

ಮಾತು ಬಿಟ್ಟರೂ ಅಂಗಡಿ ಬಿಡುವಂತಿರಲಿಲ್ಲ. ಒಬ್ಬನಿಗೆ ಹೊಲಿಯಲು ಕೈ ಬಾರದು, ಇನ್ನೊಬ್ಬನಿಗೆ ಕತ್ತರಿ ಒಗ್ಗದು. ಹೀಗಾಗಿ ಮೇಜಿನಿಂದ ಮೆಷಿನ್ನಿಗೆ, ಮೆಷಿನ್ನಿನಿಂದ ಮೇಜಿಗೆ ಹೋಗಬೇಕಾದ ಮಾತೆಲ್ಲ ಅತ್ತಿಗೆಯ ಬಾಯಿಂದಲೇ ಹೋಗಬೇಕಾಯಿತು. ಮೆಷಿನ್ನಿನ ಗಡಗಡ ಸದ್ದಿನಲ್ಲಿ ಈ ಕೋಣೆಯದು ಆ ಕೋಣೆಗೆ ಕೇಳಿಸುತ್ತಿರಲಿಲ್ಲ, ಅದೊಂದು ಪುಣ್ಯ.

"ಆ ಕತ್ತೆಗೆ ಹೇಳು, ತೋಳು ಹಿಂದುಮುಂದು ಕೂಡಿಸಿದಾನೆ," ಎನ್ನುತ್ತಿದ್ದ ಗಂಡ.

ಅತ್ತಿಗೆ ತೋಳು ಹಿಡಿದು ಒಳಗೆ ಹೋಗುತ್ತಿದ್ದಳು. "ಪುಟ್ಟ, ಈ ತೋಳು ಒಂಚೂರು ನೋಡ್ಬೇಕಂತೆ. ಬೇರೆ ಯಾರೇ ಆಗಿದ್ರೂ ಕೆಡಿಸಿಬಿಡ್ತಿದ್ರು, ಅವನ ಕೈಲಾದ್ರೆ ಸರಿಹೋಗುತ್ತೆ ಅಂದ್ರು ನಿಮ್ಮಣ್ಣ."

"ಕತ್ತರಿಸಿದವನು ಕುರುಡ ಅಂತ ಹೇಳಿ ಅವನಿಗೆ," ಎನ್ನುತ್ತಿದ್ದ ಪುಟ್ಟ, ಆದರೂ ತೋಳು ಬಿಚ್ಚತೊಡಗುತ್ತಿದ್ದ.

ಅತ್ತಿಗೆ ಹೊರಗೆ ಬಂದು, "ಮೇಜಿನ ಮೇಲೆ ಬೆಳಕು ಸಾಲದಂತೆ ರೀ. ಅಣ್ಣನ ಕಣ್ಣಿಗೆ ತ್ರಾಸ ಆಗುತ್ತೆ, ಒಂದು ದೀಪ ಹಾಕಿಸ್ಕೊಳ್ಳಲಿ ಅಂದ," ಎನ್ನುತ್ತಿದ್ದಳು.

ಆ ವಾರವೇ ದೊಡ್ಡ ಮಾಸ್ಟರನ ಮೇಜಿನ ಮೇಲೆ ಹೊಸ ದೀಪ ಬಂತು. ಅದನ್ನು ಹಾಕುವಾಗಲೆಲ್ಲ ಅವನ ಮುಖ ಒಂದು ಗಳಿಗೆ ಮೆತ್ತಗಾಗುವುದನ್ನು ಅವಳು ನೋಡಿದ್ದಳು. ಎಷ್ಟಾದರೂ ಒಡಹುಟ್ಟಿದವನು, ಬಾಯಿ ಬಿಟ್ಟು ಹೇಳದಿದ್ದರೂ ಒಳಗೊಳಗೇ ಕಾಳಜಿ ಇದೆ ಎಂದು ಅವನು ನಂಬಿದ. ಅಣ್ಣ ಬಾಯಿ ಬಿಟ್ಟು ಕ್ಷಮೆ ಕೇಳದಿದ್ದರೂ ಕೇಳಿದಷ್ಟೇ ಆಯಿತು ಎಂದು ತಮ್ಮನೂ ನಂಬಿದ. ಇಬ್ಬರೂ ಒಬ್ಬರನ್ನೊಬ್ಬರು ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತಲೇ ಇದ್ದರು. ಮಾತು ಮಾತ್ರ ಆಡುತ್ತಿರಲಿಲ್ಲ.

ಮಹಡಿಯ ಮೇಲೂ ಇದೇ ಪಾಡು. ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಕೂರುತ್ತಿದ್ದರು. ಅತ್ತಿಗೆಯ ಮಗಳಾಗಲಿ ಪುಟ್ಟನ ಮಕ್ಕಳಾಗಲಿ, ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಅಂದಮೇಲೆ ಒಬ್ಬರಿಗೊಬ್ಬರು ಮಾತಾಡದೇ ಇರುವುದೇ ಎಲ್ಲರ ಮನೆಯ ವಾಡಿಕೆ ಅಂದುಕೊಂಡೇ ಬೆಳೆದರು. ಅತ್ತೆಗಂತೂ ಹೆಮ್ಮೆಯೋ ಹೆಮ್ಮೆ. ಬಂದವರೆದುರೆಲ್ಲ, "ನೋಡಿ, ಈ ಕಾಲದಲ್ಲೂ ನನ್ನ ಮಕ್ಕಳು ಒಂದೇ ಸೂರಿನ ಕೆಳಗೆ ಇದಾರೆ. ಒಂದು ದಿನಕ್ಕೂ ಒಬ್ಬರಿಗೊಬ್ಬರು ಎದುರು ಮಾತಾಡಿದೋರಲ್ಲ," ಎನ್ನುತ್ತಿದ್ದರು. ಅದರಲ್ಲಿ ಸುಳ್ಳು ಏನೂ ಇರಲಿಲ್ಲ.

ಮೊದಲು ಅತ್ತಿಗೆಯ ದನಿ ಒಡೆಯಿತು. ಆಮೇಲೆ ಬೆಳಿಗ್ಗೆ ಚೆನ್ನಾಗಿದ್ದದ್ದು ಸಂಜೆಗೆ ಗೊಗ್ಗರಾಗತೊಡಗಿತು. ಬಿಸಿನೀರು ಕುಡಿದಳು, ಮಾತ್ರೆ ಚೀಪಿದಳು, ಏನು ಮಾಡಿದರೂ ಅಷ್ಟಕ್ಕಷ್ಟೇ. ಕೊನೆಗೆ ಗಂಡ ಅವಳನ್ನು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರಮ್ಮ ನಾಲಗೆ ಹಿಡಿದೆಳೆದು, ಕನ್ನಡಿ ಇಳಿಬಿಟ್ಟು ನೋಡಿದರು.

"ನೀವು ಟೀಚರಾ?"

"ಅಲ್ಲ," ಎಂದ ಗಂಡ.

"ಹಾಡ್ತೀರಾ?"

"ಹಾಡೋದಾ? ಇಲ್ಲಪ್ಪ."

"ಮತ್ತೆ ಗಂಟಲಲ್ಲಿ ಗಂಟು ಕಟ್ಟೋ ಅಷ್ಟು ಮಾತಾಡೋ ಕೆಲಸ ಏನು ಮಾಡ್ತಾರೆ ಇವರು?"

"ಕೆಲಸಾನಾ? ಏನೂ ಇಲ್ಲ ಡಾಕ್ಟ್ರೇ, ಮನೇಲೇ ಇರ್ತಾಳೆ," ಎಂದ ಅವನು, ಸ್ವಲ್ಪ ನಾಚಿಕೊಂಡು.

ಡಾಕ್ಟರಮ್ಮ ಅತ್ತಿಗೆಯ ಮುಖ ನೋಡಿದರು. ಅವಳು ಸೀರೆಗೆ ಅಂಟಿದ್ದ ದಾರದ ಚೂರು ಕೀಳುತ್ತಿದ್ದಳು. ಒಂದು ತಿಂಗಳು ಒಂದೇ ಒಂದು ಮಾತೂ ಆಡಕೂಡದು, ಪಿಸುಮಾತು ಇನ್ನೂ ಕೆಟ್ಟದ್ದು, ಮೀರಿದರೆ ಗಂಟನ್ನು ಕತ್ತರಿಸಬೇಕಾದೀತು ಎಂದು ಹೇಳಿ ಕಳಿಸಿದರು.

ಮರುದಿನದಿಂದ ಅಂಗಡಿಯ ಕೆಲಸ ಹಳಿ ತಪ್ಪಿತು. ಗಂಡ ಎಂದಿನಂತೆ, "ಅವನಿಗೆ ಹೇಳು," ಎಂದು ಶುರು ಮಾಡಿ, ಅವಳು ಗಂಟಲು ಮುಟ್ಟಿ ತೋರಿಸಿದೊಡನೆ ಬಾಯಿ ತೆರೆದುಕೊಂಡೇ ನಿಲ್ಲುತ್ತಿದ್ದ. ಪುಟ್ಟನಿಗೆ ಅಂಗಿಯ ಅಳತೆಯೇ ಗೊತ್ತಾಗದೆ ಅಂದಾಜಿನ ಮೇಲೆ ಹೊಲಿದ. ಅತ್ತೆ ಮಕ್ಕಳ ಹಳೆಯ ಸ್ಲೇಟು ಹುಡುಕಿ ತಂದುಕೊಟ್ಟರು. ಅತ್ತಿಗೆ ಅದರಲ್ಲಿ ಬರೆಯಲು ನೋಡಿದಳು. ಆದರೆ ಗಂಡ ಬೆನ್ನ ಹಿಂದೆಯೇ ನಿಂತು, "ನಾನು ಅಂದಿದ್ದು ಹಾಗಲ್ಲವಲ್ಲ. 'ದಯವಿಟ್ಟು' ಅಂತ ಯಾಕೆ ಬರೆದೆ? ದಡ್ಡ ಅನ್ನೋದನ್ನ ಯಾಕೆ ಬಿಟ್ಟೆ?" ಎಂದು ತಿದ್ದತೊಡಗಿದ. ಅವಳು ಬಳಪವನ್ನು ಮೇಜಿನ ಮೇಲಿಟ್ಟು ಗುಂಡಿ ಹಚ್ಚಲು ಕೂತುಬಿಟ್ಟಳು.

ಆಗ ಎಲ್ಲರ ಕಣ್ಣೂ ಪುಟ್ಟನ ಹೆಂಡತಿಯ ಮೇಲೆ ಬಿತ್ತು. ಈ ಓರಗಿತ್ತಿಗೆ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸ. ಯಾವ ಬಸ್ಸು ಎಲ್ಲಿಗೆ, ಯಾವುದು ತಡ, ಯಾವುದು ರದ್ದು ಎಂದು ಗಾಜಿನ ಪೆಟ್ಟಿಗೆಯಂಥ ಕೋಣೆಯೊಳಗೆ ಕೂತು ದಿನವಿಡೀ ಹೇಳುತ್ತಿದ್ದಳು. ಕೇಳಿದ್ದರಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಮಾಡುವವಳಲ್ಲ. ಬೆಳಗಿನ ಪಾಳಿ ಇಲ್ಲದ ದಿನ ಅಂಗಡಿಗೆ ಇಳಿದು ಬಾ ಎಂದರು, ಬಂದಳು.

ಅವತ್ತು ಅಂಗಡಿಯಲ್ಲಿ ಕಾಲೇಜಿನ ಸಮಾಜಶಾಸ್ತ್ರದ ಮೇಷ್ಟ್ರೂ ಇದ್ದರು. ಅಂಗಡಿಯ ಹಳೆಯ ಗಿರಾಕಿ. ಅರ್ಧ ಹೊಲಿದ ಪ್ಯಾಂಟು ಹಾಕಿಕೊಂಡು, ಸೊಂಟದ ಸುತ್ತ ಗುಂಡುಪಿನ್ನು ಚುಚ್ಚಿಸಿಕೊಂಡು ಕನ್ನಡಿಯ ಮುಂದೆ ಅಲುಗಾಡದೆ ನಿಂತಿದ್ದರು. ಪ್ಯಾಂಟಿನ ಜೇಬು ಮೊಣಕಾಲಿನ ದಾರಿ ಹಿಡಿದಿತ್ತು.

"ಜೇಬು ಎಲ್ಲಿಗೆ ಬರ್ಬೇಕು ಅಂತ ಗೊತ್ತಿಲ್ದೋನು ಮೆಷಿನ್ ಮುಂದೆ ಯಾಕೆ ಕೂತಿದಾನೆ ಅಂತ ಕೇಳಮ್ಮ," ಎಂದ ದೊಡ್ಡ ಮಾಸ್ಟರ್. "ಕತ್ತೆ."

ಓರಗಿತ್ತಿ ಒಳಗೆ ಹೋಗಿ ನೆಟ್ಟಗೆ ನಿಂತಳು. ಪುಟ್ಟ ಮೆಷಿನ್ನು ನಿಲ್ಲಿಸಿದ.

"ಜೇಬು ಎಲ್ಲಿಗೆ ಬರಬೇಕು ಅಂತ ಗೊತ್ತಿಲ್ಲದೋನು ಮೆಷಿನ್ ಮುಂದೆ ಯಾಕೆ ಕೂತಿದಾನೆ ಅಂತ ಭಾವ ಕೇಳ್ತಿದಾರೆ. ಕಡೇಲಿ ಕತ್ತೆ ಅಂತಾನೂ ಅಂದ್ರು," ಎಂದಳು. ಆಮೇಲೆ ಅಭ್ಯಾಸಬಲದಿಂದ, "ಮತ್ತೊಮ್ಮೆ," ಎಂದು ಪೂರ್ತಿ ಇನ್ನೊಂದು ಸಲ ಹೇಳಿದಳು.

ಪುಟ್ಟ ಎದ್ದ ರಭಸಕ್ಕೆ ಅವನ ಕುರ್ಚಿ ಹಿಂದಕ್ಕೆ ಬಿತ್ತು. ಈ ಕಡೆಯಿಂದ ಅಣ್ಣನೂ ಬಂದ. ಇಬ್ಬರೂ ನಡುಬಾಗಿಲಲ್ಲಿ ಎದುರುಬದುರಾದರು. ಸ್ಟೂಲಿನ ಮೇಲಿದ್ದ ಅತ್ತಿಗೆಯ ತಲೆಯ ಮೇಲಿಂದಲೇ ಮಾತು ಹಾರಾಡತೊಡಗಿತು.

"ಯಾರೋ ಕತ್ತೆ?"

"ಕತ್ತೆನ ಕತ್ತೆ ಅನ್ದೆ ಇನ್ನೇನು ಅಂತಾರೆ?"

"ಹೋದ ತಿಂಗಳು ತಾನೆ ನಿನ್ನಂಥ ಕೈ ಈ ಬೀದೀಲೇ ಇಲ್ಲ ಅಂತ ಹೇಳಿ ಕಳ್ಸಿದ್ದೆ? ಇಷ್ಟು ಬೇಗ ಏನಾಯ್ತು ನಿಂಗೆ?"

"ನಾನಾ? ಆ ಕೈ ಮುರೀಬೇಕು ಅಂದಿದ್ದೆ ಕಣೋ! ನೀನು ತಾನೆ ಅಣ್ಣನ ಕಣ್ಣು ಹಾಳಾಗುತ್ತೆ, ದೀಪ ಹಾಕಿಸ್ಕೊಳ್ಳಲಿ ಅಂತ ಅಂದೋನು?"

"ದೀಪಾನಾ? ಯಾವ ದೀಪ? ಕುರುಡ ಅಂದಿದ್ದೆ ನಾನು!"

ಇಬ್ಬರ ತಲೆಯೊಳಗೂ ವರ್ಷಗಳ ಮಾತುಗಳು ಒಂದೊಂದಾಗಿ ಮಗುಚಿಕೊಳ್ಳುವುದು ಮುಖದ ಮೇಲೆ ಕಾಣುತ್ತಿತ್ತು. ಇಬ್ಬರ ದೃಷ್ಟಿಯೂ ಮೆಲ್ಲಗೆ ಕೆಳಗಿಳಿದು ಸ್ಟೂಲಿನ ಮೇಲೆ ಬಂದು ನಿಂತಿತು. ಅತ್ತಿಗೆಯ ಹಲ್ಲುಗಳ ನಡುವೆ ದಾರದ ತುದಿ ಇತ್ತು. ಅದನ್ನು ಕಡಿದು, ಗುಂಡಿ ಗಟ್ಟಿಯಾಗಿ ಕೂತಿದೆಯೇ ಎಂದು ಎಳೆದು ನೋಡಿದಳು.

"ಅತ್ತಿಗೆ?" ಎಂದ ಪುಟ್ಟ.

ಅವಳು ಗಂಟಲು ಮುಟ್ಟಿ ತೋರಿಸಿದಳು.

ಮಹಡಿಯಿಂದ ಅತ್ತೆ ಗೋಡೆ ಹಿಡಿದುಕೊಂಡು ಇಳಿದು ಬರುತ್ತಿದ್ದರು. "ನನ್ನ ಮಕ್ಕಳು ಮಾತಾಡ್ತಿದಾರೆ! ಇಬ್ಬರೂ ಮಾತಾಡ್ತಿದಾರೆ!" ಎಂದು ಅವರ ಕಣ್ಣಲ್ಲಿ ನೀರು. ಏನು ಮಾತಾಡುತ್ತಿದ್ದಾರೆ ಎನ್ನುವುದು ಅವರಿಗೆ ಮುಖ್ಯವಾಗಿರಲಿಲ್ಲ.

ಮೊದಲು ನಕ್ಕವನು ದೊಡ್ಡ ಮಾಸ್ಟರ್. "ಕೈ ಮುರೀಬೇಕು ಅಂದಿದ್ದಕ್ಕೆ ನಿನ್ನಂಥ ಕೈಯೇ ಇಲ್ಲ ಅಂದಳಾ?" ಎಂದು ಕೇಳಿ, ಮೇಜಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಪುಟ್ಟನೂ ನಕ್ಕ. ನಕ್ಕು ನಕ್ಕು ಸುಸ್ತಾದ ಮೇಲೆ ಇಬ್ಬರಿಗೂ ಒಂದೇ ವಿಚಾರ ಹೊಳೆಯಿತು.

"ಅಲ್ಲ ಕಣೋ, ಇಷ್ಟು ವರ್ಷ ನಮ್ಮಿಬ್ಬರಿಗೂ ಸುಳ್ಳು ಹೇಳ್ಕೊಂಡು ಬಂದಿದಾಳಲ್ಲ!"

"ನೀನು ನಿಜವಾಗಿ ಏನಂದೆ ಅಂತ ಗೊತ್ತಾಗಿದ್ರೆ ಅವತ್ತೇ ಬಂದು ನಾಲ್ಕು ಬಾರಿಸಿ ರಾಜಿ ಆಗ್ಬಿಡ್ತಿದ್ದೆ," ಎಂದ ಪುಟ್ಟ.

ಅತ್ತೆ ಕಣ್ಣೊರೆಸಿಕೊಂಡು ಸೊಸೆಯತ್ತ ತಿರುಗಿದರು. "ನನ್ನ ಮಕ್ಕಳು ಒಂದಾಗದ ಹಾಗೆ ನಡುವೆ ಕೂತು ನೋಡ್ಕೊಂಡೋಳು ನೀನೇ ಅನ್ನು. ನಾನು ಸುಮ್ನೆ ಒಳಗೊಳಗೇ ಅವರಿಬ್ಬರನ್ನ ಬೈಕೊಳ್ತಿದ್ದೆ."

ಕನ್ನಡಿಯ ಮುಂದೆ ನಿಂತಿದ್ದ ಮೇಷ್ಟ್ರು ಗುಂಡುಪಿನ್ನುಗಳ ನೆನಪಿಲ್ಲದೆ ಕೈ ತಟ್ಟಲು ಹೋಗಿ ಚುಚ್ಚಿಸಿಕೊಂಡರು. ತಾವು ತರಗತಿಯಲ್ಲಿ ಕುಟುಂಬ ಎಂಬ ಸಾಮಾಜಿಕ ಸಂಸ್ಥೆಯ ಪಾಠ ಮಾಡುತ್ತಿರುವಾಗಲೇ ಇಂಥದ್ದು ಕಣ್ಣೆದುರು ನಡೆಯಿತಲ್ಲ ಎಂದು ಅವರಿಗೆ ರೋಮಾಂಚನ. ವಿದ್ಯಾರ್ಥಿಗಳನ್ನು ಕರೆತರುತ್ತೇನೆ ಎಂದು ಹೇಳಿ ಹೋದರು.

ಅತ್ತಿಗೆ ಮಹಡಿ ಹತ್ತಿದಳು. ಅಡುಗೆಮನೆಯಲ್ಲಿ ನೀರಿನ ಲೋಟ ಹಿಡಿದು ನಿಂತಾಗ ಅವಳಿಗೆ ಕೂಗಾಡಬೇಕು ಅನ್ನಿಸಿತು. ಎಷ್ಟು ಬೈಗುಳ ನುಂಗಿದ್ದಳು, ಎಷ್ಟು ಒಳ್ಳೆಯ ಮಾತನ್ನು ಇಲ್ಲದ ಕಡೆಯಿಂದ ಹುಟ್ಟಿಸಿದ್ದಳು, ಎಂದಾದರೂ ಲೆಕ್ಕ ಇಟ್ಟವರುಂಟೆ? ಮುಂದಿನ ಮಾತು ಬಂತು, ಗಂಟಲವರೆಗೂ ಬಂತು. ಡಾಕ್ಟರಮ್ಮನ ನೆನಪಾಗಿ ನುಂಗಿಕೊಂಡಳು. ನುಂಗಿದ ಮೇಲೆ ನೋಡಿದರೆ ಗಂಟಲು ನೋಯುತ್ತಿರಲಿಲ್ಲ.

ಕೆಳಗೆ ಅಣ್ಣ ತಮ್ಮಂದಿರ ಕಾರುಬಾರು ಬೇರೆಯೇ ಆಗಿಹೋಯಿತು. ಕಟ್ಟೆ ಒಡೆದ ಹಾಗೆ ಮಾತು. ಕತ್ತೆ, ಕುರುಡ, ದಂಡಪಿಂಡ ಎಂದು ಬೆಳಗಿನಿಂದ ಸಂಜೆಯವರೆಗೆ ಬೈದಾಡಿಕೊಂಡೇ ಕೆಲಸ. ಬೈದಷ್ಟೂ ಇಬ್ಬರ ಮುಖದಲ್ಲೂ ಕಳೆ. ಅವಳು ಹೂವಿನಂತೆ ಮಾಡಿ ದಾಟಿಸಿದ್ದ ಮಾತುಗಳನ್ನು ಅವರೀಗ ಕಲ್ಲಿನಂತೆಯೇ ಎಸೆದಾಡಿ ಖುಷಿಪಡುತ್ತಿದ್ದರು. ಇದೇ ಅತ್ತಿಗೆಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು. ಹಾಗಾದರೆ ತನ್ನ ಇಷ್ಟು ವರ್ಷದ ದುಡಿಮೆ ಬೇಕೇ ಇರಲಿಲ್ಲವೇ? ಅಥವಾ ತಾನು ಕಾಯ್ದು ಇಟ್ಟದ್ದರಿಂದಲೇ ಇವತ್ತು ಬೈದಾಡಲು ಇಬ್ಬರೂ ಒಂದೇ ಅಂಗಡಿಯಲ್ಲಿ ಉಳಿದಿದ್ದಾರೋ? ಯಾರನ್ನು ಕೇಳುವುದು? ಕೇಳಲು ಬಾಯಿ ಇಲ್ಲ.

ಓರಗಿತ್ತಿಯೊಬ್ಬಳು ಮಾತ್ರ ಪಕ್ಕ ಬಂದು ಕೂತು, "ಅಕ್ಕ, ಹೇಳಿದ್ದನ್ನ ಹೇಳಿದ ಹಾಗೆ ಹೇಳಿದ್ದಷ್ಟೇ ನಾನು. ನಿಮ್ಮ ಮೇಲೆ ಹೀಗೆ ಬರುತ್ತೆ ಅಂತ ಗೊತ್ತಿರ್ಲಿಲ್ಲ," ಎಂದಳು. ಅತ್ತಿಗೆ ಅವಳ ತಲೆ ಸವರಿದಳು.

ನೋವು ಹಾಗೇ ಇದ್ದರೂ, ಅದರ ಜೊತೆಜೊತೆಗೇ ಒಂದು ಹೊಸ ಸುಖವೂ ಮೆಲ್ಲನೆ ಶುರುವಾಯಿತು. ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಊಟವನ್ನು ಬಿಸಿಬಿಸಿಯಾಗಿ, ಕೂತಲ್ಲಿಂದ ಏಳದೆ ಮುಗಿಸಿದಳು. ಸ್ಟೂಲನ್ನು ಬೀದಿಯ ಕಡೆಗೆ ಎಳೆದುಕೊಂಡು, ಗುಂಡಿ ಹಚ್ಚುತ್ತ, ಹೋಗುವವರನ್ನು ನೋಡಿದಳು. ಗಡಿಯಾರ ರಿಪೇರಿಯವನ ಒಂದು ಗಡಿಯಾರವೂ ಇನ್ನೊಂದರ ಸಮಯ ತೋರಿಸುವುದಿಲ್ಲ ಎನ್ನುವುದು ಅವಳಿಗೆ ಗೊತ್ತಾದದ್ದೇ ಆಗ.

ತಿಂಗಳು ತುಂಬಿದಾಗ ಅವಳು ಒಬ್ಬಳೇ ಡಾಕ್ಟರ ಹತ್ತಿರ ಹೋದಳು. ಗಂಡನಿಗೆ ಪುರುಸೊತ್ತಿರಲಿಲ್ಲ, ತಮ್ಮನಿಗೆ ಏನೋ ಹಳೆಯ ಕಥೆ ಹೇಳುತ್ತಿದ್ದ. ಡಾಕ್ಟರಮ್ಮ ಗಂಟಲು ನೋಡಿ ತೃಪ್ತಿಯಿಂದ ತಲೆಯಾಡಿಸಿದರು.

"ವಾಸಿಯಾಗಿದೆ. ಎಲ್ಲಿ, ಏನಾದ್ರೂ ಮಾತಾಡಿ."

ಅತ್ತಿಗೆ ಹಗುರವಾಗಿ, "ಯಾರಿಗೆ ಹೇಳ್ಬೇಕು?" ಎಂದಳು.

"ಯಾರಿಗೂ ಅಲ್ಲ, ನನಗೇ ಹೇಳಿ. ನಿಮಗೆ ಅನ್ನಿಸಿದ್ದು."

ಅವಳು ಬಹಳ ಹೊತ್ತು ಯೋಚಿಸಿದಳು. "ಆ ಕಿಟಕಿ ಮುಚ್ಚಿಸಿ. ನಂಗೆ ಚಳಿ ಆಗ್ತಿದೆ," ಎಂದಳು.

ಡಾಕ್ಟರಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿದರು. ಎಷ್ಟು ಸುಲಭವಾಗಿ ಆಗಿಹೋಯಿತು ಎಂದು ಅತ್ತಿಗೆಗೆ ದಾರಿಯುದ್ದಕ್ಕೂ ಬೆರಗು.

ಅಂಗಡಿಗೆ ಬಂದಾಗ ಗಂಡ ಮೇಜಿನ ಮೇಲೆ ಬಗ್ಗಿ, ತಮ್ಮನ ಯಾವುದೋ ಮಾತಿಗೆ ನಗುತ್ತಲೇ, "ಏನಂದ್ರು?" ಎಂದ. ತಲೆ ಎತ್ತಿರಲಿಲ್ಲ. ಅವಳು ಕೈಯನ್ನು ಗಾಳಿಯಲ್ಲಿ ಒಂದು ಸಲ ಆಡಿಸಿದಳು. ಆ ಕೈಗೆ ಏನು ಅರ್ಥವನ್ನಾದರೂ ಕೊಡಬಹುದಿತ್ತು. "ಇನ್ನೂ ವಾಸಿ ಇಲ್ವಂತಾ? ಪಾಪ," ಎಂದು ಅವನೇ ಒಂದು ಅರ್ಥ ಕೊಟ್ಟುಕೊಂಡ. ಅವಳು ಅದನ್ನು ತಿದ್ದಲು ಹೋಗಲಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನ ಬೀದಿಯ ಕೊನೆಯವರೆಗೆ ನಡೆದುಹೋಗಿ, ಗುರುತಿಲ್ಲದ ಹೆಂಗಸರ ಜೊತೆ ಬಿಸಿಲು, ಬಸ್ಸು, ಮೊಣಕಾಲು ನೋವು ಎಂದು ಏನಾದರೂ ನಾಲ್ಕು ಮಾತಾಡಿ ಬರುತ್ತಿದ್ದಳು. ಮನೆಯಲ್ಲಿ ಮಾತ್ರ ಮೌನ.

ಮೇಷ್ಟ್ರು ಮಾತು ಉಳಿಸಿಕೊಂಡರು. ಒಂದು ದಿನ ವಿದ್ಯಾರ್ಥಿಗಳ ಹಿಂಡನ್ನೇ ಕರೆತಂದರು. ಅಂಗಡಿ ಗುಡಿಸಿ, ಹೊಸ ಅಂಗಿ ತೊಟ್ಟು ಅಣ್ಣ ತಮ್ಮ ಅಕ್ಕಪಕ್ಕ ಕೂತರು. ಅತ್ತೆಗೆ ಮಧ್ಯದ ಕುರ್ಚಿ.

"ಕುಟುಂಬ ಅನ್ನೋದು ಸಮಾಜದ ಮೊದಲ ಸಂಸ್ಥೆ," ಎಂದರು ಮೇಷ್ಟ್ರು. "ಇಲ್ಲಿ ಪ್ರತಿಯೊಬ್ಬರಿಗೂ ಒಂದು ಪಾತ್ರ, ಒಂದು ಕರ್ತವ್ಯ. ಕೇಳಿ, ಏನು ಬೇಕಾದ್ರೂ ಕೇಳಿ."

"ಈ ಮನೆಗೆ ಯಜಮಾನರು ಯಾರು?" ಎಂದ ಒಬ್ಬ.

"ಇವನೇ," ಎಂದು ಅಣ್ಣ ತಮ್ಮನನ್ನು ತೋರಿಸಿದ. "ಛೆ ಛೆ, ಅಣ್ಣನೇ," ಎಂದ ತಮ್ಮ. ವಿದ್ಯಾರ್ಥಿಗಳು ಮೆಚ್ಚಿ ಬರೆದುಕೊಂಡರು.

ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಅತ್ತಿಗೆಯ ಕಡೆ ಕೈ ತೋರಿಸಿ, "ಇವರ ಪಾತ್ರ ಏನು?" ಎಂದು ಕೇಳಿದಳು.

"ಅವಳಿಗೆ ಮಾತಾಡೋಕಾಗಲ್ಲ," ಎಂದ ದೊಡ್ಡ ಮಾಸ್ಟರ್. "ಒಂಥರಾ ಒಳ್ಳೇದೇ ಆಯ್ತು ಅನ್ನಿ. ಅವಳು ಬಾಯಿ ಮುಚ್ಚಿದ ಮೇಲೇ ನಾವಿಬ್ಬರು ಒಂದಾಗಿದ್ದು."

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ, ಅತ್ತಿಗೆಯನ್ನೇ ನೋಡಿದಳು. ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಹುಡುಗಿ ಮತ್ತೆ ಅಣ್ಣ ತಮ್ಮಂದಿರ ಕಡೆ ತಿರುಗಿ, "ಹಾಗಾದ್ರೆ ಮೊದಲು ಮಾತಾಡಿಸಿದ್ದು ಯಾರು?" ಎಂದಳು.

"ನಾನು," ಎಂದರು ಇಬ್ಬರೂ ಒಟ್ಟಿಗೇ.

"ನೀನೆಲ್ಲಿ ಮಾತಾಡಿಸಿದೆ? ಕುರ್ಚಿ ಬಿಟ್ಟು ಎದ್ದು ಬಂದೋನು ನಾನು."

"ಬಂದದ್ದು ಹೊಡೆಯೋಕೆ. ನಕ್ಕಿದ್ದು ನಾನು ಮೊದಲು. ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದು ನಾನು!"

"ಬಿಟ್ಟುಕೊಟ್ಟೆಯಾ? ಏನು ಬಿಟ್ಟುಕೊಟ್ಟೆ? ಮುಂದಿನ ಮೇಜಂತೂ ಅಪ್ಪ ಹೋದಾಗಿಂದ ನಿನ್ನದೇ. ಹಿಂದಿನ ಕತ್ತಲೆ ಕೋಣೆ ನನ್ನದು!"

ಇದು ಕತ್ತೆ, ಕುರುಡ ಎಂಬ ಬೈಗುಳದ ಜಗಳವಾಗಿರಲಿಲ್ಲ. ಅಪ್ಪ ಯಾರನ್ನು ಹೆಚ್ಚು ಪ್ರೀತಿಸಿದ, ಅಮ್ಮ ಯಾರಿಗೆ ಮೊದಲು ಬಡಿಸುತ್ತಾಳೆ, ಯಾರ ಮಗಳನ್ನು ಯಾವ ಶಾಲೆಗೆ ಸೇರಿಸಿದರು, ಎಲ್ಲ ಹೊರಬಂತು. ಒಂದು ಮಾತು ಹೊರಟಲ್ಲಿಂದ ತಲುಪುವಲ್ಲಿಗೆ ಹೋಗುವಷ್ಟರಲ್ಲಿ ಅದರ ಮೊನೆ ಉಜ್ಜುವವರು ಯಾರೂ ಇರಲಿಲ್ಲ. ವಿದ್ಯಾರ್ಥಿಗಳು ಉಸಿರು ಬಿಗಿಹಿಡಿದು ಬರೆದುಕೊಳ್ಳುತ್ತಿದ್ದರು. "ಇದೂ ಕುಟುಂಬದ ಒಂದು ಕಾರ್ಯವೇ," ಎಂದು ಹೇಳಿ ಮೇಷ್ಟ್ರು ಅವರನ್ನು ಹೊರಗೆ ಹೊರಡಿಸಿದರು.

ಆಮೇಲೆ ಬಿದ್ದ ಮೌನ ಮೊದಲಿನಂಥದ್ದಲ್ಲ. ಮೊದಲಿನದಕ್ಕೆ ಒಂದು ಸಂದು ಇತ್ತು, ಇದಕ್ಕೆ ಎಲ್ಲೂ ಇರಲಿಲ್ಲ. ಕತ್ತರಿಸಿದ ಬಟ್ಟೆ ಮೇಜಿನ ಮೇಲೇ ರಾಶಿ ಬಿತ್ತು. ಪುಟ್ಟ ಊಟಕ್ಕೆ ಮೇಜಿಗೆ ಬರುವುದನ್ನು ಬಿಟ್ಟ. ಮಾತು ದಾಟಿಸು ಎಂದು ಓರಗಿತ್ತಿಯನ್ನು ಕೇಳಿದರೆ, "ನನ್ನ ಪಾಳಿ ಮುಗೀತು," ಎಂದಳು. ಕೊನೆಗೆ ಪುಟ್ಟ ಒಬ್ಬ ಗಾರೆ ಕೆಲಸದವನನ್ನು ಕರೆತಂದು ನಡುಬಾಗಿಲು ತೋರಿಸಿದ. ಇಲ್ಲಿ ಗೋಡೆ ಎಬ್ಬಿಸಬೇಕು, ಹಿಂದಿನಿಂದ ತಾನೊಂದು ಬಾಗಿಲು ಇಡಿಸಿಕೊಳ್ಳುತ್ತೇನೆ ಎಂದ. ಅತ್ತೆ ಹಾಸಿಗೆ ಹಿಡಿದರು.

ಮರುದಿನ ದೊಡ್ಡ ಮಾಸ್ಟರ್ ಕತ್ತರಿ ಮುಟ್ಟಲೇ ಇಲ್ಲ. ಹೆಂಡತಿಯನ್ನು ಹೊರಡಿಸಿಕೊಂಡು ಸೀದಾ ಡಾಕ್ಟರ ಹತ್ತಿರ ಹೋದ.

"ಎಷ್ಟಾದ್ರೂ ಆಗಲಿ ಡಾಕ್ಟ್ರೇ, ಇವಳಿಗೆ ಮಾತು ಬರೋ ಹಾಗೆ ಮಾಡಿ," ಎಂದು ಕೈ ಜೋಡಿಸಿದ.

ಡಾಕ್ಟರಮ್ಮ ಕನ್ನಡಕ ಮೇಲೇರಿಸಿ ನೋಡಿದರು. "ಮಾತು ಬರೋದೇನು? ಹೋದ ಸಲವೇ ವಾಸಿಯಾಗಿದೆ ಅಂತ ಹೇಳಿ ಕಳಿಸಿದ್ದೆನಲ್ಲ. ನನ್ನ ಕಿಟಕಿ ಮುಚ್ಚಿಸಿದೋರು ಇವರು."

ಹೊರಗೆ ಬಂದು ಅವನು ಬೆಂಚಿನ ಮೇಲೆ ಕೂತ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ದಿನವೂ ತಾನು ಅವಳ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ ಎನ್ನುವುದು ಲೆಕ್ಕಕ್ಕೆ ಸಿಕ್ಕಿತು.

"ಮನೆ ಒಡೆದುಹೋಗುತ್ತೆ ಕಣೇ," ಎಂದ ಕೊನೆಗೆ.

"ಗೊತ್ತು," ಎಂದಳು ಅತ್ತಿಗೆ.

ಅವಳ ದನಿ ಕೇಳಿ ಅವನು ಬೆಚ್ಚಿದ. ಆ ದನಿ ಚೆನ್ನಾಗಿದೆ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ.

"ನೀನೊಂದು ಮಾತು ಹೇಳಿದ್ರೆ ಅವನು ಕೇಳ್ತಾನೆ."

"ಹೇಳ್ತೀನಿ. ಆದ್ರೆ ಇನ್ಮೇಲೆ ನೀವು ಏನಂದ್ರೋ ಅದನ್ನೇ ಹೇಳ್ತೀನಿ, ಒಂದು ಅಕ್ಷರ ಬಿಡದೆ. ಸುಳ್ಳು ಹೇಳಿದ್ಲು ಅಂತ ಅನ್ನಿಸ್ಕೊಳ್ಳೋಕೆ ನಂಗಿಷ್ಟ ಇಲ್ಲ."

"ಅಯ್ಯೋ, ಹಾಗೆ ಬೇಡ!" ಎಂದ ಅವನು ಗಾಬರಿಯಿಂದ. "ನೀನು ಹೇಳ್ತಿದ್ದ ಹಾಗೇ ಹೇಳು."

"ಅದನ್ನ ನೀವೇ ಹೇಳಿ. ಬೇಕಾದ್ರೆ ಹೇಗೆ ಅಂತ ಹೇಳ್ಕೊಡ್ತೀನ್ರೀ."

ಬಸ್ಸಿನಲ್ಲಿ ಪಾಠ ಶುರುವಾಯಿತು. ಅತ್ತಿಗೆ ಕಿಟಕಿಯ ಪಕ್ಕ, ಅವನು ಈಚೆ.

"ಮೊದಲು ಪುಟ್ಟ ಅಂತ ಕರೀರಿ."

"ಪುಟ್ಟಾ!" ಎಂದ ಅವನು. ಡ್ರೈವರು ಕನ್ನಡಿಯಲ್ಲಿ ನೋಡಿದ.

"ಅವನು ಪಕ್ಕದ ಕೋಣೇಲಿರೋದು, ಪಕ್ಕದ ಊರಲ್ಲಲ್ಲ. ಮೆತ್ತಗೆ."

"ಪುಟ್ಟ..."

ಮುಂದಿನ ಸೀಟಿನಲ್ಲಿದ್ದ ಎದೆಯವರೆಗೆ ಗಡ್ಡ ಬಿಟ್ಟ ದಪ್ಪ ಮನುಷ್ಯ ತಿರುಗಿ, "ನನ್ನನ್ನ ಕರೆದ್ರಾ?" ಎಂದು ಸಂಕೋಚದಿಂದ ಕೇಳಿದ. "ನಮ್ಮನೇಲಿ ಹಾಗೇ ಕರೆಯೋದು."

ಅತ್ತಿಗೆ ಜೋರಾಗಿ ನಕ್ಕಳು, ಗಂಟಲು ತುಂಬಿ ಬಂದ ನಗು. ತಮ್ಮ ನಿಲ್ದಾಣ ಬಂದಾಗ ಗಂಡ ಎದ್ದ, ಅವಳು ಏಳಲಿಲ್ಲ.

"ನೀವು ಇಳೀರಿ. ನಾನು ಕೊನೇ ಸ್ಟಾಪಿನ ತನಕ ಹೋಗಿ ಬರ್ತೀನಿ."

"ಅಲ್ಲಿ ಏನಿದೆ?"

"ನೋಡಿಲ್ಲ. ಅದಕ್ಕೇ."

ಬಸ್ಸು ಹೊರಟಿತು. ಅವನು ರಸ್ತೆಯಂಚಿನಲ್ಲಿ ನಿಂತು, ತುಟಿಯಲ್ಲೇ ಪಾಠ ಒಪ್ಪಿಸಿಕೊಳ್ಳುವುದು ಅವಳಿಗೆ ಕಿಟಕಿಯಿಂದ ಕಂಡಿತು.

ಆಮೇಲೆ ಅಂಗಡಿಯಲ್ಲಿ ಏನಾಯಿತು ಎಂಬುದನ್ನು ಸಂಜೆ ಓರಗಿತ್ತಿ ವರದಿ ಮಾಡಿದಳು. ಭಾವ ಬಂದು ನಡುಬಾಗಿಲಲ್ಲಿ ನಿಂತು, "ಪುಟ್ಟ," ಎಂದರು. "ಏನು?" ಎಂದ ಪುಟ್ಟ ತಲೆ ಎತ್ತಲಿಲ್ಲ. ಭಾವನಿಗೆ ಮುಂದಿನ ಪಾಠ ಮರೆತುಹೋಗಿರಬೇಕು. ಬಾಗಿಲ ಚೌಕಟ್ಟು ಸವರುತ್ತ, "ಗೋಡೆ ಕಟ್ಟಿಸೋದಾದ್ರೆ ಕಟ್ಟಿಸು. ಆದ್ರೆ ಕತ್ತರಿಸಿದ ಬಟ್ಟೆ ಈಚೆಯಿಂದ ಆಚೆಗೆ ಕೊಡೋಕೆ ಒಂದು ಕಿಂಡಿ ಬಿಡಿಸು," ಎಂದರು.

ಪುಟ್ಟ ಮೆಷಿನ್ನು ನಿಲ್ಲಿಸಿ ಯೋಚಿಸಿದ. ಅದು ನ್ಯಾಯವಾದ ಮಾತು. "ಎಷ್ಟು ದೊಡ್ಡದು?" ಎಂದ.

"ಒಂದು ಅಂಗಿ ಹಿಡಿಸೋ ಅಷ್ಟು."

"ಕೋಟು ಮಡಚಿದ್ರೆ ಸುಕ್ಕಾಗುತ್ತೆ. ನೇತುಹಾಕಿದ ಹಾಗೇ ಬರ್ಬೇಕು."

"ಹಾಗಾದ್ರೆ ಅಷ್ಟೆತ್ತರ ಬೇಕು."

"ಇಸ್ತ್ರಿ ಟೇಬಲ್ ಒಂದೇ ಇರೋದು. ಅದು ಆಚೆ ಈಚೆ ಹೋಗ್ಬೇಕಲ್ಲ?"

"ಅಷ್ಟಗಲಾನೂ ಬೇಕು ಅನ್ನು."

ಗೋಡೆ ಎಬ್ಬಿಸಲು ಬಂದಿದ್ದ ಗಾರೆಯವನು ಇಬ್ಬರ ಮುಖವನ್ನೂ ನೋಡಿ, ತನ್ನ ಚೀಲ ಹೆಗಲಿಗೇರಿಸಿ, ಇದ್ದ ಬಾಗಿಲಿನಿಂದಲೇ ಹೊರಟುಹೋದನಂತೆ. ಅತ್ತಿಗೆ ಕೊನೇ ಸ್ಟಾಪಿನಿಂದ ಮರಳಿ ಬಂದಾಗಲೂ ಅಣ್ಣ ತಮ್ಮ ಟೇಪಿನ ಒಂದೊಂದು ತುದಿ ಹಿಡಿದುಕೊಂಡು, ಕಿಂಡಿಯ ಅಳತೆ ತಪ್ಪು ಹಿಡಿದವನು ಯಾರು ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಇಬ್ಬರೂ ಅವಳನ್ನು ಕಂಡು, "ನೋಡು ಇವನ್ನ," ಎಂದರು. ಅವಳು ಎಲ್ಲರಿಗೂ ಕೇಳಿಸುವಂತೆ, "ಕಾಲು ನೋಯ್ತಿದೆ, ನಂಗೆ ಯಾರಾದ್ರೂ ಒಂದು ಲೋಟ ಚಹಾ ಮಾಡ್ಕೊಡಿ," ಎಂದು ಹೇಳಿ ಮಹಡಿ ಹತ್ತಿದಳು.

ಚಹಾ ಯಾರು ಮಾಡಬೇಕು ಎಂಬ ಮಾತು ಕೆಳಗೆ ಶುರುವಾದದ್ದು ಅವಳಿಗೆ ಮೆಟ್ಟಿಲ ಮೇಲೆ ಕೇಳಿಸಿತು.